ಉಳಿಸಿದವರ ಹೊಣೆ

ಹೊಳೆಯಲ್ಲಿ ಮುಳುಗುತ್ತಿದ್ದವನನ್ನು ದಡಕ್ಕೆ ಎಳೆದು ತಂದವನು ಪುಣ್ಯವಂತನೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಡ ಮುಟ್ಟಿಸಿದೊಡನೆ ಅವನ ಹೊಣೆ ತೀರಿತೇ? ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕುಳಿತವನಿಗೆ ‘ಪ್ರಾಣವನ್ನಂತೂ ಉಳಿಸಿಕೊಟ್ಟಿದ್ದೇನೆ, ಇನ್ನು ನಿನ್ನ ದಾರಿ ನಿನಗೆ’ ಎಂದು ಹೇಳಿ ಹೊರಟುಹೋಗುವುದು ಧರ್ಮವೇ? ಕೇಳುವುದಕ್ಕೆ ಸರಳವಾದ ಈ ಪ್ರಶ್ನೆಯನ್ನು ಇಂದಿನ ವೈದ್ಯವಿಜ್ಞಾನವು ಬಹು ಕಠಿಣವಾದ ರೂಪದಲ್ಲಿ ನಮ್ಮ ಮುಂದೆ ತಂದಿರಿಸಿದೆ.

ಸೋತುಹೋದ ಹೃದಯಕ್ಕೆ ಯಂತ್ರದ ಆಸರೆಯನ್ನು ಕೊಟ್ಟು ಮನುಷ್ಯನನ್ನು ವರ್ಷಗಟ್ಟಲೆ ಬದುಕಿಸುವ ವಿದ್ಯೆ ಇಂದು ಕೈಗೂಡಿದೆ. ಹಾಗೆ ಬದುಕುಳಿದವನೂ ಎಲ್ಲರಂತಹ ಮನುಷ್ಯನೇ ಅಲ್ಲವೇ? ಅವನಿಗೂ ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ, ಕರುಳು ತೊಡರಿಕೊಳ್ಳುತ್ತದೆ, ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತದೆ, ಹರ್ನಿಯಾ ಆಗುತ್ತದೆ. ಎದೆಯೊಳಗೆ ಯಂತ್ರ ತಿರುಗುತ್ತಿರುವಾಗ ಆ ದೇಹದ ಮೇಲೆ ಮತ್ತೊಮ್ಮೆ ಶಸ್ತ್ರ ಹಿಡಿಯಬಹುದೇ? ಹಿಡಿಯದೆ ಬಿಡಬಹುದೇ? ಹಿಡಿಯುವವರು ಯಾರನ್ನು ಕೇಳಿ ಹಿಡಿಯಬೇಕು? ಸದ್ಭಕ್ತರು ಇದನ್ನು ದೊಡ್ಡ ನಗರಗಳ ದೊಡ್ಡವರ ಮಾತೆಂದು ಪಕ್ಕಕ್ಕಿಡಬಾರದು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಳ್ಳಿಯ ಮನೆಗಳಿಗೂ ಈ ಪ್ರಶ್ನೆ ಬೇರೊಂದು ವೇಷದಲ್ಲಿ ಈಗಾಗಲೇ ಬಂದು ಕುಳಿತಿದೆ. ಆ ಮಾತನ್ನು ಮುಂದೆ ಹೇಳುತ್ತೇವೆ.

ಮೊದಲು ಯಂತ್ರ ಎಂಥದೆಂಬುದನ್ನು ತಿಳಿಯೋಣ. ಹೃದಯದ ಎಡಭಾಗದ ಕೆಳಗಿನ ಕೋಣೆಯೇ ಇಡೀ ಶರೀರಕ್ಕೆ ರಕ್ತವನ್ನು ನೂಕುವಂಥದು. ಅದು ಶಕ್ತಿಗುಂದಿದಾಗ ಅದರ ತುದಿಗೆ ಪುಟ್ಟದೊಂದು ಪಂಪನ್ನು ಜೋಡಿಸಿ, ಅಲ್ಲಿಂದ ರಕ್ತವನ್ನು ಹೀರಿ ಮಹಾಪಧಮನಿಗೆ ಹಾಯಿಸುತ್ತಾರೆ. ವೈದ್ಯರು ಇದನ್ನು ‘ಎಲ್‌ವ್ಯಾಡ್’ ಎನ್ನುತ್ತಾರೆ. ನಾವು ಹೃದಯಸಹಾಯಕ ಯಂತ್ರವೆನ್ನೋಣ. ಇದು ಹೃದಯವನ್ನು ಕಿತ್ತು ಅದರ ಜಾಗದಲ್ಲಿ ಕೂರುವಂಥದಲ್ಲ, ಅದರ ಸಹಾಯಕ್ಕೆ ನಿಲ್ಲುವಂಥದು. ಈಗ ಬಳಕೆಯಲ್ಲಿರುವ ‘ಹಾರ್ಟ್‌ಮೇಟ್ 3’ ಎಂಬ ಪಂಪು ಸುಮಾರು 200 ಗ್ರಾಂ ತೂಗುತ್ತದೆ. ಅದರೊಳಗಿನ ಚಕ್ರವು ಅಯಸ್ಕಾಂತದ ಬಲದಿಂದ ಯಾವುದಕ್ಕೂ ತಾಗದೆ ತೇಲುತ್ತ ನಿಮಿಷಕ್ಕೆ ಸಾಮಾನ್ಯವಾಗಿ 5,000ಕ್ಕೂ ಹೆಚ್ಚು ಸಲ ತಿರುಗುತ್ತದೆ. ಪಂಪಿನಿಂದ ಹೊರಟ ತಂತಿಯೊಂದು ಹೊಟ್ಟೆಯ ಚರ್ಮವನ್ನು ತೂರಿ ಹೊರಬಂದು, ಸೊಂಟಕ್ಕೆ ಕಟ್ಟಿಕೊಂಡ ನಿಯಂತ್ರಕ ಪೆಟ್ಟಿಗೆಯನ್ನೂ ಎರಡು ಬ್ಯಾಟರಿಗಳನ್ನೂ ಸೇರುತ್ತದೆ. ಜೋಡಿ ಬ್ಯಾಟರಿ ಪೂರ್ಣ ತುಂಬಿದ್ದರೆ ಹೆಚ್ಚೆಂದರೆ 17 ತಾಸು ನಡೆದೀತು. ರಾತ್ರಿ ಮಲಗುವಾಗ ಗೋಡೆಯ ವಿದ್ಯುತ್ತಿಗೆ ತಗುಲಿಸಿಕೊಂಡು ಮಲಗಬೇಕು. ಮಳೆಗಾಲದಲ್ಲಿ ಚಿಂಚೋಳಿಯ ತಾಂಡಾಗಳಲ್ಲಿ ಕರೆಂಟು ಹೇಗೆ ಬಂದು ಹೇಗೆ ಹೋಗುತ್ತದೆಂಬುದನ್ನು ಬಲ್ಲವರಿಗೆ ಈ 17 ತಾಸಿನ ಅರ್ಥ ತಾನಾಗಿಯೇ ತಿಳಿದೀತು.

ಪಂಪು ಎಡೆಬಿಡದೆ ರಕ್ತವನ್ನು ಹರಿಸುವುದರಿಂದ ಇಂತಹವರ ಮಣಿಕಟ್ಟು ಹಿಡಿದರೆ ನಾಡಿ ಬಹುಮಟ್ಟಿಗೆ ಸಿಗುವುದಿಲ್ಲ. ನಮ್ಮ ವೈದ್ಯಪರಂಪರೆಯಲ್ಲಿ ನಾಡಿಪರೀಕ್ಷೆಯನ್ನು ಶಾರ್ಙ್ಗಧರ ಸಂಹಿತೆ ವಿವರಿಸಿದ ಬಳಿಕ ನಾಡಿಯೇ ಪ್ರಾಣದ ಸಾಕ್ಷಿಯೆಂಬ ಭಾವನೆ ಜನಮನದಲ್ಲಿ ಬೇರೂರಿತು. ‘ನಾಡಿ ನಿಂತಿತು’ ಎಂದರೆ ‘ಜೀವ ಹೋಯಿತು’ ಎಂದೇ ನಮ್ಮ ಆಡುಮಾತು. ಇಲ್ಲಿಯಾದರೋ ನಾಡಿ ಸಿಗದವನು ಎದುರಿಗೆ ಕುಳಿತು ರೊಟ್ಟಿ ಉಣ್ಣುತ್ತಾನೆ, ಮೊಮ್ಮಗನೊಡನೆ ಜಗಳವಾಡುತ್ತಾನೆ, ತೊಗರಿಯ ಧಾರಣೆ ವಿಚಾರಿಸುತ್ತಾನೆ. ಪ್ರಾಣಕ್ಕೂ ಅದರ ಕುರುಹಿಗೂ ಇರುವ ಅಂತರವನ್ನು ವೇದಾಂತದ ಪಾಠದಲ್ಲಿ ಎಷ್ಟೋ ಕಷ್ಟಪಟ್ಟು ಹೇಳುತ್ತೇವೆ. ಈ ರೋಗಿಯ ಮಣಿಕಟ್ಟನ್ನು ಒಮ್ಮೆ ಹಿಡಿದು ನೋಡಿದವನಿಗೆ ಆ ಪಾಠ ಬೇಕಾಗಲಾರದು.

ಇಂತಹವರು ಎಷ್ಟು ಕಾಲ ಬದುಕುತ್ತಾರೆ? ಅಮೆರಿಕದಲ್ಲಿ 129 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಳೆಯ ಮಾದರಿಯ ಯಂತ್ರ ಪಡೆದವರಲ್ಲಿ ನೂರಕ್ಕೆ 52 ಮಂದಿ ಒಂದು ವರ್ಷ ಬದುಕಿದ್ದರು. ಔಷಧಿಯನ್ನಷ್ಟೇ ಪಡೆದವರಲ್ಲಿ 25 ಮಂದಿ. ಹೊಸ ಹಾರ್ಟ್‌ಮೇಟ್ 3 ಪಡೆದವರಲ್ಲಿ ಐದು ವರ್ಷ ಕಳೆದ ಮೇಲೂ ನೂರಕ್ಕೆ 58ರಷ್ಟು ಮಂದಿ ಜೀವಂತರಿದ್ದರೆಂದು 2022ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲಿಯೇ ಇಂತಹ ಯಂತ್ರದ ಅಳವಡಿಕೆ ನಡೆದಿತ್ತು. ಒಂದೇ ವರ್ಷ ಬದುಕುವವನಿಗೆ ಹರ್ನಿಯಾದ ಚಿಂತೆ ಬೇಡವೆಂದು ವೈದ್ಯರು ತಳ್ಳಿಹಾಕಬಹುದಿತ್ತು. ಐದು ವರ್ಷ, ಎಂಟು ವರ್ಷ ಬದುಕುವವನಿಗೆ ಹಾಗೆನ್ನಲು ಬಾರದು. ಯಂತ್ರವು ಉತ್ತಮಗೊಂಡಷ್ಟೂ ಮಿಕ್ಕ ಅಂಗಾಂಗಗಳ ರೋಗಗಳು ಸರದಿಯಲ್ಲಿ ಬಂದು ನಿಲ್ಲುತ್ತವೆ.

ಈಗ ಶಸ್ತ್ರವೈದ್ಯನ ಸಂಕಟವನ್ನು ನೋಡಿರಿ. ಪರಕೀಯ ವಸ್ತುವಿಗೆ ತಾಗಿದ ರಕ್ತವು ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಪಂಪನ್ನು ಕಟ್ಟಿತೆಂದರೆ ಮರಣ, ಮಿದುಳಿಗೆ ಹಾರಿತೆಂದರೆ ಲಕ್ವ. ಆದ್ದರಿಂದ ರೋಗಿಯು ವಾರ್ಫರಿನ್ ಎಂಬ, ಜನರು ‘ರಕ್ತ ತೆಳು ಮಾಡುವ ಗುಳಿಗೆ’ ಎನ್ನುವ, ಮಾತ್ರೆಯನ್ನು ಎಂದೂ ಬಿಡದೆ ನುಂಗಬೇಕು. ‘ಐಎನ್‌ಆರ್’ ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರಿಸಿಕೊಳ್ಳಬೇಕು. ಹಾಗೆ ತೆಳುವಾದ ರಕ್ತ ಗಾಯವಾದಾಗ ಬೇಗ ನಿಲ್ಲದು. ಸಾಲದ್ದಕ್ಕೆ ಪಂಪಿನ ರಭಸಕ್ಕೆ ಸಿಕ್ಕು, ಗಾಯವನ್ನು ಮುಚ್ಚಲು ರಕ್ತದಲ್ಲಿಯೇ ಇರುವ ದೊಡ್ಡ ಅಣುಗಳು ತುಂಡಾಗುತ್ತವೆ. ಕರುಳಿನೊಳಗೆ ರಕ್ತ ಜಿನುಗುವುದು ಇವರಲ್ಲಿ ಪದೇ ಪದೇ ಕಾಣುವ ತೊಂದರೆ. ಹೊಸ ಪಂಪಿನವರಿಗೆ ವಾರ್ಫರಿನ್ ಜೊತೆ ಆಸ್ಪಿರಿನ್ ಕೊಡದಿದ್ದರೆ ರಕ್ತಸ್ರಾವ ಕಡಿಮೆಯಾಗುತ್ತದೆ, ಹೆಪ್ಪು ಹೆಚ್ಚುವುದಿಲ್ಲ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದು ಇವರ ಪಾಲಿಗೆ ದೊಡ್ಡ ಸಮಾಧಾನ. ಆದರೂ ಗುಳಿಗೆ ನಿಲ್ಲಿಸದೆ ಕೊಯ್ದರೆ ರಕ್ತ ಹರಿದೀತು, ನಿಲ್ಲಿಸಿ ಕೊಯ್ದರೆ ರಕ್ತ ಹೆಪ್ಪುಗಟ್ಟೀತು ಎಂಬ ಇಕ್ಕಟ್ಟು ಹಾಗೆಯೇ ಇದೆ. ಈ ಎರಡರ ನಡುವಿನ ಕಿರುದಾರಿಯಲ್ಲಿ, ಗುಳಿಗೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಿ, ಬೇಕಾದವರಿಗೆ ಬೇಗ ಏರಿ ಬೇಗ ಇಳಿಯುವ ಹೆಪಾರಿನ್ ಎಂಬ ಔಷಧವನ್ನು ರಕ್ತನಾಳದಲ್ಲಿ ಹರಿಸಿ, ವೈದ್ಯನು ನಡೆಯಬೇಕಾಗುತ್ತದೆ.

ತೊಂದರೆ ಅಷ್ಟಕ್ಕೇ ಮುಗಿಯದು. ಹೊಟ್ಟೆಯನ್ನು ಕೊಯ್ಯುವ ಮೊದಲು ಒಳಗೆ ತಂತಿ ಯಾವ ಮಗ್ಗುಲಲ್ಲಿ ಹಾದಿದೆಯೆಂದು ಗುರುತು ಹಾಕಬೇಕು. ಕತ್ತಿಯ ಮೊನೆ ಅದಕ್ಕೆ ತಾಗಿದರೆ ಮುಗಿಯಿತು. ದೂರ್ಬೀನಿನಿಂದ ಪಿತ್ತಕೋಶವನ್ನು ತೆಗೆಯುವಾಗ ಹೊಟ್ಟೆಯೊಳಗೆ ಅನಿಲ ತುಂಬುತ್ತಾರೆ. ಅದರ ಒತ್ತಡಕ್ಕೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾದರೆ, ಬತ್ತಿದ ಬೋರಿನಲ್ಲಿ ಮೋಟಾರು ಬರಿಗಾಳಿ ಎಳೆಯುವಂತೆ, ಪಂಪು ಹೃದಯದ ಗೋಡೆಯನ್ನೇ ಒಳಗೆಳೆದುಕೊಳ್ಳುತ್ತದೆ. ನಾಡಿಯಿಲ್ಲವಾದ್ದರಿಂದ ತೋಳಿಗೆ ಸುತ್ತುವ ರಕ್ತದೊತ್ತಡದ ಪಟ್ಟಿಯನ್ನೂ ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕವನ್ನೂ ಪೂರ್ತಿ ನಂಬುವಂತಿಲ್ಲ. ಅರಿವಳಿಕೆ ತಜ್ಞ, ಯಂತ್ರವನ್ನು ಬಲ್ಲ ತಂತ್ರಜ್ಞ, ಹೃದಯದ ವೈದ್ಯ, ಹೊಟ್ಟೆಯ ಶಸ್ತ್ರವೈದ್ಯ ಎಲ್ಲರೂ ಒಂದೇ ಕೋಣೆಯಲ್ಲಿರಬೇಕು. ಸಿದ್ಧತೆ ಮಾಡಿಕೊಂಡು ನಡೆಸಿದ ಶಸ್ತ್ರಚಿಕಿತ್ಸೆಗಳಲ್ಲಿ ಬಹುಮಂದಿ ಪಾರಾಗುತ್ತಾರೆ. ತುರ್ತಿನಲ್ಲಿ ಮಾಡಬೇಕಾಗಿ ಬಂದವುಗಳಲ್ಲಿ ಅಪಾಯ ಬಹಳ ಹೆಚ್ಚು.

ಇದನ್ನು ವಾಡಿ, ಸೇಡಂ, ಮಳಖೇಡಗಳ ಕಾರ್ಮಿಕ ಭಕ್ತರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸುಣ್ಣಕಲ್ಲನ್ನು ಸುಟ್ಟು ಸಿಮೆಂಟಿನ ಕ್ಲಿಂಕರ್ ಮಾಡುವ ಆ ಉದ್ದನೆಯ ಉಕ್ಕಿನ ಕೊಳವೆಯನ್ನು, ಅವರು ಕಿಲ್ನ್ ಎನ್ನುವುದನ್ನು, ಅವರು ದಿನವೂ ಕಾಣುತ್ತಾರೆ. ಒಳಗೆ 1450 ಡಿಗ್ರಿಯ ಸುಮಾರಿನ ಉರಿ. ಹೊರಗೆ ನಿಧಾನವಾದ ತಿರುಗಾಟ. ಕಾದಿರುವಾಗ ತಿರುಗುವುದು ನಿಂತರೆ ಆ ಕೊಳವೆ ತನ್ನ ಭಾರಕ್ಕೆ ತಾನೇ ಬಾಗಿ ಕೆಡುತ್ತದೆ. ಆದುದರಿಂದ ಕರೆಂಟು ಹೋದರೂ ಮೆಲ್ಲಮೆಲ್ಲಗೆ ತಿರುಗಿಸುತ್ತಿರಲೆಂದು ಬೇರೊಂದು ಎಂಜಿನ್ನನ್ನು ಸಿದ್ಧವಿಟ್ಟಿರುತ್ತಾರೆ. ಕಿಲ್ನನ್ನಾದರೂ ತಣಿಸಿ, ನಿಲ್ಲಿಸಿ, ಒಳಗಿಳಿದು ಇಟ್ಟಿಗೆ ಬದಲಿಸಲು ಬರುತ್ತದೆ. ಮನುಷ್ಯನನ್ನು ತಣಿಸಿ ನಿಲ್ಲಿಸಲು ಬರುವುದಿಲ್ಲ, ತಿರುಗುತ್ತಿರುವಾಗಲೇ ರಿಪೇರಿಯಾಗಬೇಕು.

ಇನ್ನು ಧರ್ಮದ ಮಾತಿಗೆ ಬರೋಣ. ಇಂತಹ ರೋಗಿಗೆ ಮತ್ತೊಂದು ಕಾಯಿಲೆ ಬಂದಾಗ ಸುತ್ತಲಿನವರ ಬಾಯಲ್ಲಿ ಬರುವ ಮೊದಲ ಮಾತು, ‘ಹೇಗೂ ಯಂತ್ರದ ಮೇಲೆ ಬದುಕಿದ್ದಾನೆ, ಸಿಕ್ಕಿದ್ದೇ ಲಾಭ, ಮತ್ತೇಕೆ ಅವನನ್ನು ಕೊಯ್ದು ಹಿಂಸಿಸುವುದು?’ ಎಂಬುದು. ಕರುಣೆಯಂತೆ ಕೇಳಿಸುವ ಈ ಮಾತಿನೊಳಗೆ ಒಂದು ಕಟುಕತನ ಅಡಗಿದೆಯೆಂದು ನಮಗೆ ತೋರುತ್ತದೆ. ಇದನ್ನಾಡುವವರು ಆ ಮನುಷ್ಯನನ್ನು ಒಮ್ಮೆ ಸತ್ತವನೆಂದೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅವನ ಇಂದಿನ ಬದುಕು ಬದುಕಲ್ಲ, ಗಡುವು ಮೀರಿ ಬಳಸುತ್ತಿರುವ ಸಾಲ ಎಂಬ ಭಾವನೆ ಅದು. ಆದರೆ ನೋವು ಗಡುವನ್ನು ಕೇಳಿ ಬರುತ್ತದೆಯೇ? ಪಿತ್ತಕೋಶದ ಶೂಲೆಯಿಂದ ರಾತ್ರಿಯೆಲ್ಲ ಹೊರಳಾಡುವವನಿಗೆ ತನ್ನ ರಕ್ತವನ್ನು ಹರಿಸುತ್ತಿರುವುದು ಮಾಂಸದ ಹೃದಯವೋ ಲೋಹದ ಚಕ್ರವೋ ಎಂಬುದರಿಂದ ನೋವಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದು. ದೇಹವನ್ನು ದೇಗುಲವೆಂದು ಕಂಡ ಪರಂಪರೆ ನಮ್ಮದು. ಒಂದು ಕಂಬಕ್ಕೆ ಆಸರೆ ಕೊಟ್ಟ ದೇಗುಲದಲ್ಲಿ ದೀಪ ಹಚ್ಚುವುದನ್ನು ಯಾರೂ ಬಿಡುವುದಿಲ್ಲ.

ಎರಡನೆಯ ಮಾತು ಇದಕ್ಕೆ ತದ್ವಿರುದ್ಧವಾದುದು. ಕೋಟಿ ರೂಪಾಯಿಯ ಸಮೀಪದ ಖರ್ಚು ಮಾಡಿ ಉಳಿಸಿದ್ದೇವೆ, ಇನ್ನು ಏನು ಬಂದರೂ ಕೊಯ್ದು, ಹೊಲಿದು, ಬದುಕಿಸಲೇಬೇಕು ಎಂಬ ಹಟ. ಇಲ್ಲಿ ಮನುಷ್ಯನಿಗಿಂತ ಯಂತ್ರಕ್ಕೆ ಹೆಚ್ಚಿನ ಮರ್ಯಾದೆ. ಈ ಹಟದ ಅಪಾಯವನ್ನು ತಿಳಿಯಲು 1982ಕ್ಕೆ ಹೋಗಬೇಕು. ಆ ವರ್ಷದ ಡಿಸೆಂಬರ್ 2ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಬಾರ್ನಿ ಕ್ಲಾರ್ಕ್ ಎಂಬ 61 ವಯಸ್ಸಿನ ದಂತವೈದ್ಯರಿಗೆ ಶಸ್ತ್ರವೈದ್ಯ ವಿಲಿಯಂ ಡಿವ್ರೀಸ್ ಅವರು ‘ಜಾರ್ವಿಕ್ 7’ ಎಂಬ ಕೃತಕ ಹೃದಯವನ್ನು ಅಳವಡಿಸಿದರು. ಅದು ಇಂದಿನ ಸಹಾಯಕ ಯಂತ್ರವಲ್ಲ, ಹೃದಯದ ಜಾಗದಲ್ಲಿಯೇ ಕೂರಿಸಿದ ಪೂರ್ಣ ಯಂತ್ರ. ಮಂಚದ ಪಕ್ಕದ ದೊಡ್ಡ ಪೆಟ್ಟಿಗೆಯಿಂದ ಗಾಳಿಯ ಕೊಳವೆಗಳ ಮೂಲಕ ನಡೆಯುತ್ತಿದ್ದುದು. ಅವರು ಬದುಕಿದ್ದು 112 ದಿನ. ಆ ಅವಧಿಯಲ್ಲಿ ಶ್ವಾಸಕೋಶದಿಂದ ಗಾಳಿ ಸೋರಿತೆಂದು ಒಮ್ಮೆ, ಯಂತ್ರದ ಕವಾಟ ಮುರಿಯಿತೆಂದು ಒಮ್ಮೆ, ಮೂಗಿನ ರಕ್ತ ನಿಲ್ಲಲಿಲ್ಲವೆಂದು ಇನ್ನೊಮ್ಮೆ ಶಸ್ತ್ರಚಿಕಿತ್ಸೆಯಾಯಿತು. ಈ ಪ್ರಕರಣದಲ್ಲಿ ನಮ್ಮ ಮನಸ್ಸನ್ನು ಬಹುಕಾಲ ಕಾಡಿದ ಸಂಗತಿ ಬೇರೊಂದು. ಬೇಡವೆನಿಸಿದರೆ ಯಂತ್ರವನ್ನು ತಾವೇ ನಿಲ್ಲಿಸಿಕೊಳ್ಳಬಹುದೆಂದು ಅವರಿಗೆ ಒಂದು ಕೀಲಿಕೈಯನ್ನು ಕೊಡಲಾಗಿತ್ತು. ಕೀಲಿಕೈ ಕೊಟ್ಟವರು ರೋಗಿಯ ಸ್ವಾತಂತ್ರ್ಯವನ್ನು ಗೌರವಿಸಿದರು, ಸರಿ. ಆದರೆ ಗೊಂದಲಗೊಂಡ ಮನಸ್ಸಿನ, ಮತ್ತೆ ಮತ್ತೆ ಕೊಯ್ಯಿಸಿಕೊಂಡ ರೋಗಿಯ ಕೈಗೆ ಬರಿಯ ಕೀಲಿಕೈ ಕೊಟ್ಟರೆ ಸಾಕೇ? ನಿರ್ಧಾರದ ಪೂರ್ತಿ ಭಾರವನ್ನು ಅವನೊಬ್ಬನ ಹೆಗಲಿಗೆ ಹೊರಿಸಿ ಮಿಕ್ಕವರು ಹಗುರಾಗುವ ಉಪಾಯವೂ ಅದಾಗಬಹುದಲ್ಲವೇ?

ಕೇಳುವ ಕ್ರಮವೊಂದಿದೆ. ಸುಶ್ರುತನು ಮೂತ್ರಾಶಯದ ಕಲ್ಲಿನ ಶಸ್ತ್ರಕ್ರಿಯೆಯನ್ನು ಹೇಳುವಾಗ, ಮಾಡದಿದ್ದರೆ ಸಾವು ನಿಶ್ಚಿತವೆಂದೂ ಮಾಡಿದರೆ ಉಳಿವು ಸಂಶಯವೆಂದೂ ಒಪ್ಪಿಕೊಂಡು, ಆದ್ದರಿಂದ ಮೊದಲು ‘ಈಶ್ವರ’ನನ್ನು ಕೇಳಿ ಮಾಡಬೇಕೆಂದು ವಿಧಿಸುತ್ತಾನೆ. ಅಲ್ಲಿ ಈಶ್ವರನೆಂದರೆ ರಾಜ, ಒಡೆಯ ಎಂದು ಅರ್ಥ. ಈಗ ರಾಜರಿಲ್ಲ. ತನ್ನ ದೇಹಕ್ಕೆ ತಾನೇ ಒಡೆಯನಾದ ರೋಗಿಯೇ ಇಂದಿನ ಅರ್ಥದಲ್ಲಿ ಆ ಈಶ್ವರನೆಂದು ನಾವು ತಿಳಿಯುತ್ತೇವೆ. ಶಾಸ್ತ್ರಜ್ಞರು ಬೇಕಾದರೆ ಆಕ್ಷೇಪಿಸಲಿ. ಯಂತ್ರವನ್ನು ಇಡಿಸಿಕೊಳ್ಳುವಾಗ ಅವನು ಹೇಳಿದ ‘ಆಗಲಿ’ ಎಂಬ ಒಂದು ಮಾತು ಮುಂದಿನ ಹತ್ತು ಶಸ್ತ್ರಚಿಕಿತ್ಸೆಗಳಿಗೂ ಸಲ್ಲುವ ಕರಾರುಪತ್ರವಲ್ಲ. ಪ್ರತಿ ಸಲವೂ ಕೇಳಬೇಕು. ಅವನು ಮೈಮೇಲೆ ಪ್ರಜ್ಞೆಯಿಟ್ಟುಕೊಂಡು ಮಾತಾಡುವ ದಿನಗಳಲ್ಲಿಯೇ, ನೋವಿಲ್ಲದ ದಿನಗಳಲ್ಲಿಯೇ, ‘ಲಕ್ವ ಹೊಡೆದರೆ ಏನು ಮಾಡೋಣ? ಹೊಟ್ಟೆಯಲ್ಲಿ ಅರ್ಬುದ ಕಂಡರೆ ಏನು ಮಾಡೋಣ? ಯಂತ್ರವನ್ನು ಯಾವ ಹಂತದಲ್ಲಿ ನಿಲ್ಲಿಸಬೇಕು?’ ಎಂದು ಕೇಳಿ ಬರೆದಿಡಬೇಕು. ನಮ್ಮ ಮನೆಗಳಲ್ಲಿ ಇಂತಹ ಮಾತನ್ನು ಅಪಶಕುನವೆನ್ನುತ್ತಾರೆ. ಭಾರತದ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಇಂತಹ ಮುಂಗಡ ಇಚ್ಛಾಪತ್ರಕ್ಕೆ ಮನ್ನಣೆ ನೀಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸುಲಭಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಕಾನೂನು ಶಕುನಕ್ಕಿಂತ ಮುಂದೆ ಹೋಗಿದೆ.

ಯಂತ್ರವನ್ನು ನಿಲ್ಲಿಸುವುದು ಕೊಲೆಯೇ, ಆತ್ಮಹತ್ಯೆಯೇ ಎಂದು ಕೇಳುವವರುಂಟು. ಗುಣವಾಗುವ ದಾರಿಗಳೆಲ್ಲ ಮುಚ್ಚಿದ ಮೇಲೆ, ರೋಗಿಯು ಮೊದಲೇ ವಿಚಾರಮಾಡಿ ಹೇಳಿದಂತೆ, ತಾನೇ ಬರಮಾಡಿಕೊಂಡ ನೆರವನ್ನು ತಾನೇ ಬೀಳ್ಕೊಡುವುದು ಎರಡೂ ಅಲ್ಲವೆಂದು ನಮ್ಮ ನಿಶ್ಚಿತ ಅಭಿಪ್ರಾಯ. ಅಲ್ಲಿ ಸಾವನ್ನು ತರುವುದು ಹೃದಯದ ರೋಗ. ಆದರೆ ಖರ್ಚಿಗೆ ಬೇಸತ್ತ ನೆಂಟರು ‘ಸಾಕು ಮಾಡೋಣ’ ಎಂದರೆ ಅದು ಬೇರೆ ಮಾತು. ಆಗ ಆ ಮಾತನ್ನು ತಡೆಯಬೇಕಾದವರಲ್ಲಿ ಮಠದವರೂ ಒಬ್ಬರು.

ಈ ಸಂದರ್ಭದಲ್ಲಿ ಭಕ್ತರು ಆಗಾಗ ಕೇಳುವ ಒಂದು ಸಂದೇಹವನ್ನೂ ಪರಿಹರಿಸಬೇಕು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಎದೆಯ ಮೇಲಿನ ಇಷ್ಟಲಿಂಗವನ್ನು ತೆಗೆಯಬೇಕೆಂದರೆ ಏನು ಮಾಡುವುದು? ಹೊಟ್ಟೆ ಎದೆಗಳನ್ನು ಔಷಧಿಯಿಂದ ತೊಳೆದು ಶುದ್ಧಮಾಡುವ ಜಾಗದಲ್ಲಿ ಕರಡಿಗೆ ಇರಲೇಬೇಕೆಂದು ಹಟ ಹಿಡಿಯಬೇಡಿರಿ. ವೈದ್ಯರು ಒಪ್ಪಿದರೆ ತಲೆಯ ಬಳಿ ಕಟ್ಟಿಸಿಕೊಳ್ಳಿರಿ, ಒಪ್ಪದಿದ್ದರೆ ಮನೆಯವರ ಅಂಗೈಯಲ್ಲಿರಲಿ. ಇಷ್ಟಲಿಂಗವು ಹೊರಗಿದ್ದ ಮಾತ್ರಕ್ಕೆ ಪ್ರಾಣಲಿಂಗವು ಅಗಲುವುದಿಲ್ಲ.

ಮೂರನೆಯದು ವೈದ್ಯರ ಬಾಯಿಂದ ಬರುವ ‘ಬೇಡ’. ತಾಲೂಕಿನ ಶಸ್ತ್ರವೈದ್ಯನೊಬ್ಬ ಇಂತಹ ರೋಗಿಯನ್ನು ಕಂಡೊಡನೆ ‘ಇದು ನಮ್ಮಿಂದಾಗದು, ಹೈದರಾಬಾದಿಗೆ ಒಯ್ಯಿರಿ’ ಎನ್ನುತ್ತಾನೆ. ಈ ‘ಬೇಡ’ದಲ್ಲಿ ಎರಡು ಬಗೆಯುಂಟು. ತನ್ನ ವಿದ್ಯೆಯ ಎಲ್ಲೆಯನ್ನು ಅರಿತು, ಯಂತ್ರವಿಟ್ಟ ಆಸ್ಪತ್ರೆಗೆ ತಾನೇ ಫೋನು ಮಾಡಿ, ದಾರಿಯಲ್ಲಿ ಬೇಕಾದ ಔಷಧಿಯನ್ನು ಕೊಟ್ಟು, ಕಾಗದ ಬರೆದು ಕಳುಹಿಸುವವನ ‘ಬೇಡ’ ವಿವೇಕದ್ದು. ತನ್ನ ಆಸ್ಪತ್ರೆಯಲ್ಲಿ ಸಾವಾಗಬಾರದೆಂಬ ಒಂದೇ ಕಾರಣಕ್ಕೆ, ರೋಗಿಯ ಹೊಟ್ಟೆಯನ್ನೂ ಮುಟ್ಟಿ ನೋಡದೆ ಬಾಗಿಲಿಂದಲೇ ತಿರುಗಿಸುವವನ ‘ಬೇಡ’ಕ್ಕೆ ಬೇರೆ ಹೆಸರಿದೆ. ಕೇಳುವ ರೋಗಿಗೆ ಎರಡೂ ಒಂದೇ ಬಗೆಯಲ್ಲಿ ಕೇಳಿಸುತ್ತವೆ.

ಇವೆಲ್ಲಕ್ಕೂ ಬೇರು ಎಲ್ಲಿದೆ? ಉಳಿಸುವುದನ್ನು ನಾವು ದಾನವೆಂದು ತಿಳಿದಿರುವುದರಲ್ಲಿದೆ. ದಾನದಲ್ಲಿ ಕೊಟ್ಟ ಗಳಿಗೆಗೆ ಕೊಟ್ಟವನ ಕೆಲಸ ಮುಗಿಯುತ್ತದೆ. ಶರಣರು ದಾನವೆನ್ನದೆ ದಾಸೋಹವೆಂದದ್ದು ಸುಮ್ಮನೆ ಅಲ್ಲ. ದಾಸೋಹದಲ್ಲಿ ನೀಡಿದವನು ನೀಡಿದ ಮೇಲೂ ಸೇವಕನಾಗಿಯೇ ಉಳಿಯುತ್ತಾನೆ. ನಾಳೆಯ ಹಸಿವಿಗೂ ಅವನು ಉತ್ತರಿಸಬೇಕು. ಎದೆಯಲ್ಲಿ ಯಂತ್ರವನ್ನಿಟ್ಟವರು ಆ ಮನುಷ್ಯನ ಬ್ಯಾಟರಿಗೆ, ತಂತಿಯ ಬಾಯಿಯ ಗಾಯಕ್ಕೆ, ಪಿತ್ತಕೋಶಕ್ಕೆ, ಕರುಳಿಗೆ, ಕೊನೆಯ ದಿನದ ನಿರ್ಧಾರಕ್ಕೆ ಎಲ್ಲಕ್ಕೂ ಬಾಧ್ಯರು. ಯಂತ್ರ ಮಾಡಿದ ಕಂಪನಿಗಳೂ ಅಷ್ಟೇ. ‘ವೆಂಟ್ರಾಸಿಸ್ಟ್’ ಎಂಬ ಪಂಪನ್ನು ಮಾಡುತ್ತಿದ್ದ ಆಸ್ಟ್ರೇಲಿಯದ ವೆಂಟ್ರಾಕಾರ್ ಕಂಪನಿಯು 2009ರಲ್ಲಿ ಹಣವಿಲ್ಲದೆ ಮುಚ್ಚಿತು. ಹಾರ್ಟ್‌ವೇರ್ ಪಂಪಿನ ಮಾರಾಟವನ್ನು ಮೆಡ್‌ಟ್ರಾನಿಕ್ ಕಂಪನಿಯು 2021ರ ಜೂನ್‌ನಲ್ಲಿ ನಿಲ್ಲಿಸಿತು. ಅಂಗಡಿ ಮುಚ್ಚಬಹುದು, ಆ ಅಂಗಡಿಯ ಸರಕು ಎದೆಯೊಳಗೆ ತಿರುಗುತ್ತಿರುವವನು ತನ್ನನ್ನು ಮುಚ್ಚಿಕೊಳ್ಳಲಾರ.

ಈಗ ನಮ್ಮ ಸೀಮೆಯ ಮಾತು. ಕೋಟಿಯ ಯಂತ್ರ ನಮ್ಮ ಹಳ್ಳಿಗಳ ಪಾಲಿಗೆ ಇನ್ನೂ ದೂರ. ಆದರೆ ಅದರ ಬಡ ಬಂಧುವೊಂದು ಎಂದೋ ಬಂದಿದೆ: ಹೃದಯದ ಕೃತಕ ಕವಾಟ. ಬಾಲ್ಯದಲ್ಲಿ ಗಂಟಲುಬೇನೆಯಿಂದ ಮೊದಲಾಗುವ ಒಂದು ಬಗೆಯ ಕೀಲುಜ್ವರವು ಹೃದಯದ ಕವಾಟಗಳನ್ನು ಸುಕ್ಕುಗಟ್ಟಿಸಿಬಿಡುತ್ತದೆ. ಇಕ್ಕಟ್ಟಾದ ಬಡವರ ಮನೆಗಳನ್ನು ಹುಡುಕಿಕೊಂಡು ಬರುವ ರೋಗವಿದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಸ್ವದೇಶಿ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲಬಾರಿಗೆ ರೋಗಿಗೆ ಅಳವಡಿಸಿದ ಬಳಿಕ ಬಡವರಿಗೂ ಇದು ಎಟುಕುವಂತಾಯಿತು. ಬಡ ಕುಟುಂಬಗಳ ದೊಡ್ಡ ಶಸ್ತ್ರಚಿಕಿತ್ಸೆಗಳ ವೆಚ್ಚವನ್ನು ಸರ್ಕಾರವೇ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊಟ್ಟಮೊದಲು ಜಾರಿಗೆ ಬಂದದ್ದು ನಮ್ಮ ಗುಲ್ಬರ್ಗಾ ವಿಭಾಗದಲ್ಲಿಯೇ. ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ತೆರೆಯಿತು. ಮಠವೊಂದರ ಹೆಸರು ಹೃದಯದ ಆಸ್ಪತ್ರೆಗೆ ಅಂಟಿಕೊಂಡಿರುವುದು ನಮಗೆ ಅಭಿಮಾನದ ಸಂಗತಿ.

ಯಂತ್ರದ ಕವಾಟವುಳ್ಳವರ ಪಕ್ಕದಲ್ಲಿ ರಾತ್ರಿಯ ನಿಶ್ಶಬ್ದದಲ್ಲಿ ಮಲಗಿದರೆ ಎದೆಯೊಳಗಿಂದ ಗಡಿಯಾರದಂತಹ ಸಪ್ಪಳ ಕೇಳಿಸುವುದುಂಟು. ಇವರದೂ ಅದೇ ಗುಳಿಗೆ, ಅದೇ ರಕ್ತಪರೀಕ್ಷೆ, ಅದೇ ಇಕ್ಕಟ್ಟು. ಶಹಾಬಾದಿನ ಫರಸಿಕಲ್ಲಿನ ಗಣಿಯಲ್ಲಿ ದುಡಿಯುವವನಿಗೆ ಭಾರ ಎತ್ತಿ ಹರ್ನಿಯಾ ಆಯಿತೆನ್ನಿ. ‘ಆಪರೇಷನ್ನಿಗೆ ಮೊದಲು ಗುಳಿಗೆ ಬಿಡಬೇಕಂತೆ’ ಎಂದು ಯಾರೋ ಹೇಳಿದ್ದನ್ನು ಕೇಳಿ ತಾನೇ ಬಿಟ್ಟುಬಿಡುತ್ತಾನೆ. ಶಸ್ತ್ರಚಿಕಿತ್ಸೆಯ ದಿನ ಮುಂದೆ ಹೋಗುತ್ತದೆ, ಗುಳಿಗೆ ಮತ್ತೆ ಶುರುವಾಗುವುದಿಲ್ಲ, ಕವಾಟ ಕಟ್ಟಿಕೊಳ್ಳುತ್ತದೆ. ಇನ್ನೊಬ್ಬ ಗುಳಿಗೆಯ ಸುದ್ದಿಯನ್ನೇ ಹೇಳದೆ ಹಲ್ಲು ಕೀಳಿಸಿಕೊಂಡು ರಾತ್ರಿಯೆಲ್ಲ ರಕ್ತ ಉಗುಳುತ್ತಾನೆ. ಪುಂಡಿಪಲ್ಯ, ಮೆಂತ್ಯ, ರಾಜಗಿರಿಗಳಂತಹ ಸೊಪ್ಪನ್ನು ಒಂದು ವಾರ ಮನಸೋ ಇಚ್ಛೆ ಉಂಡು ಮುಂದಿನ ವಾರ ಪೂರ್ತಿ ಬಿಟ್ಟರೆ ಗುಳಿಗೆಯ ಬಲವೇ ಏರುಪೇರಾಗುತ್ತದೆಂಬುದನ್ನು ಎಷ್ಟು ಮನೆಗಳಿಗೆ ಯಾರು ಹೇಳಿದ್ದಾರೆ? ಸೊಪ್ಪು ವರ್ಜ್ಯವಲ್ಲ, ಪ್ರಮಾಣ ಒಂದೇ ಸಮನಾಗಿರಬೇಕು, ಅಷ್ಟೇ.

ಎಲ್ಲಕ್ಕಿಂತ ನೋವಿನದು ಹೆಣ್ಣುಮಕ್ಕಳ ಸಂಗತಿ. ಹದಿನಾರು ಹದಿನೇಳಕ್ಕೆ ಕವಾಟ ಹಾಕಿಸಿಕೊಂಡ ಹುಡುಗಿಗೆ ನಾಲ್ಕಾರು ವರ್ಷಗಳಲ್ಲಿ ಮದುವೆಯ ಮಾತು ಬರುತ್ತದೆ. ಎದೆಯ ನಡುವಿನ ಗಾಯದ ಗುರುತು ಸೆರಗಿನಲ್ಲಿ ಮುಚ್ಚುತ್ತದೆ. ತಾಯಿತಂದೆ ಮಾತಿನಲ್ಲಿ ಮುಚ್ಚುತ್ತಾರೆ. ಅತ್ತೆಯ ಮನೆಯಲ್ಲಿ ಗುಳಿಗೆ ಕಣ್ಣಿಗೆ ಬೀಳಬಾರದೆಂದು ಹುಡುಗಿ ಗುಳಿಗೆಯನ್ನೇ ಬಿಡುತ್ತಾಳೆ. ಗರ್ಭ ನಿಂತಾಗ ಇನ್ನೊಂದು ತೊಡಕು: ವಾರ್ಫರಿನ್ ಗರ್ಭದ ಕೂಸಿಗೆ ಕೆಡುಕು ಮಾಡಬಲ್ಲದು, ಬಿಟ್ಟರೆ ತಾಯಿಯ ಕವಾಟಕ್ಕೆ ಕೆಡುಕು, ತಜ್ಞರು ತಿಂಗಳು ತಿಂಗಳಿಗೂ ಲೆಕ್ಕ ಹಾಕಿ ಔಷಧಿಯನ್ನು ಬದಲಿಸುತ್ತ ಹೋಗಬೇಕು. ಏನೂ ಹೇಳದೆ ಹೆರಿಗೆನೋವು ಬಂದ ರಾತ್ರಿ ತಾಲೂಕಾಸ್ಪತ್ರೆಗೆ ಕರೆತಂದರೆ, ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾದ ವೈದ್ಯೆಯು ಯಾವ ರಕ್ತದ ಮೇಲೆ ಕತ್ತಿಯಿಡುತ್ತಿದ್ದಾಳೆಂಬುದು ಆಕೆಗೇ ತಿಳಿದಿರುವುದಿಲ್ಲ. ಇಲ್ಲಿ ದೋಷ ಯಾರದು? ಮುಚ್ಚಿಟ್ಟ ತಾಯಿತಂದೆಯರದೆಂದು ಹೇಳುವುದು ಸುಲಭ. ಕವಾಟವಿದೆಯೆಂದ ಕೂಡಲೇ ‘ಈ ಸಂಬಂಧ ಬೇಡ’ ಎಂದು ಎದ್ದುಹೋಗುವ ನಾವೆಲ್ಲರೂ ಆ ಮುಚ್ಚುಮರೆಯನ್ನು ಹೆಣೆದವರೇ. ಸರ್ಕಾರದ ಹಣದಿಂದ, ಅಂದರೆ ಎಲ್ಲರ ಹಣದಿಂದ, ಉಳಿಸಿಕೊಂಡ ಹುಡುಗಿಯವಳು. ಉಳಿಸಿದವರ ಪಟ್ಟಿಯಲ್ಲಿ ನಾವೂ ಇದ್ದೇವೆಂದ ಮೇಲೆ ಆಕೆಯ ಹೆರಿಗೆಕೋಣೆಯ ಹೊರಗೆ ನಿಲ್ಲುವ ಹೊಣೆಯೂ ನಮ್ಮದೇ. ಮಠದಲ್ಲಿ ಲಗ್ನದ ಮಾತುಕತೆಗೆ ಬರುವವರು ಜಾತಕವನ್ನು ತೋರಿಸುವ ಮೊದಲು ಇಂತಹ ಸಂಗತಿಯನ್ನು ಬಿಚ್ಚಿ ಹೇಳಲಿ. ಕೇಳಿದವರು ಒಪ್ಪಿದರೆ ನಮ್ಮ ಸಂತೋಷಕ್ಕೆ ಪಾರವಿಲ್ಲ. ಒಪ್ಪದೆ ಹೋದರೂ ಆ ಹುಡುಗಿಯ ಜೀವಕ್ಕೆ ಆಗುವ ನಷ್ಟ ಮುಚ್ಚಿಟ್ಟಾಗ ಆಗುವುದಕ್ಕಿಂತ ಕಡಿಮೆ.

ಒಬ್ಬನ ಎದೆಗೆ ಕೋಟಿ ಸುರಿಯುವ ಬದಲು ಅದೇ ಹಣದಲ್ಲಿ ನೂರು ಮಕ್ಕಳ ಗಂಟಲುಬೇನೆಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ಕವಾಟದ ಮಾತೇ ಬಾರದಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಸಾರ್ವಜನಿಕ ಹಣದ ಮಟ್ಟಿಗೆ ಈ ವಾದ ನ್ಯಾಯವಾದುದು. ಪೆನಿಸಿಲಿನ್ ಮೊದಲು ಬರಲಿ. ಆದರೆ ಈ ಲೆಕ್ಕವನ್ನು ಖಜಾನೆಯ ಮುಂದೆ ಹಾಕಬೇಕೇ ಹೊರತು, ಯಂತ್ರ ಈಗಾಗಲೇ ಎದೆಯಲ್ಲಿದ್ದು ಹೊಟ್ಟೆನೋವಿನಿಂದ ನರಳುವವನ ಮಂಚದ ಪಕ್ಕದಲ್ಲಿ ನಿಂತು ಹಾಕಬಾರದು.

ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿ ವೈದ್ಯರಾಗಿ ಈ ಐದು ಊರುಗಳಲ್ಲಿ ಕೆಲಸಮಾಡುತ್ತಿರುವವರಿಗೆ ಒಂದು ಕೋರಿಕೆ. ತಮ್ಮ ಊರಿನಲ್ಲಿ ಕವಾಟ, ಪೇಸ್‌ಮೇಕರ್ ಮೊದಲಾದ ಯಂತ್ರಗಳನ್ನು ಇಡಿಸಿಕೊಂಡವರು ಯಾರೆಂದು ಗುರುತಿಸಿ, ಪ್ರತಿಯೊಬ್ಬರ ಕೈಗೂ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡಿರಿ. ಯಂತ್ರದ ಹೆಸರು, ಇಟ್ಟ ಆಸ್ಪತ್ರೆ, ಇಸವಿ, ಗುಳಿಗೆಯ ಹೆಸರು ಮತ್ತು ಪ್ರಮಾಣ, ಹಿಂದಿನ ರಕ್ತಪರೀಕ್ಷೆಯ ಅಂಕಿ, ತುರ್ತಿಗೆ ಕರೆಯಬೇಕಾದ ಫೋನು ಸಂಖ್ಯೆ ಇಷ್ಟಿದ್ದರೆ ಸಾಕು. ಮನೆಯವರು ಆ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರೇಷನ್ ಕಾರ್ಡಿನೊಡನೆ ಇಡಲಿ. ಹಲ್ಲು ಕೀಳಿಸಲು ಹೋಗುವಾಗಲೂ ಅದನ್ನು ಒಯ್ಯಲಿ. ಕವಾಟಕ್ಕೆ ತಗಲುವ ಸೋಂಕು ಹಲ್ಲಿನ ಬೇರಿನಿಂದಲೂ ಹೊರಡುತ್ತದೆ.